ಕುದಿಸಿದ ನೀರು

ಕೊಪ್ಪಳ, ಹಾಸ್ಟೆಲ್
18 ಆಗಸ್ಟ್ 2025

ಹಾಲೇಶಣ್ಣನಿಗೆ ನೇತ್ರಾವತಿಯ ನಮಸ್ಕಾರ.

'ಪ್ರೀತಿಯ' ಎಂದು ಶುರು ಮಾಡಬೇಕಿತ್ತು, ಕೈ ಬರಲಿಲ್ಲ. ಗಂಗಾವತಿಯಲ್ಲಿ ನೀನು, ವೈನಿ, ಚಿಕ್ಕವನು ಕ್ಷೇಮವೇ? ಅವನ ಕೆಮ್ಮು ಹೋಯಿತೇ? ಊರಲ್ಲಿ ಅವ್ವನ ಹತ್ತಿರ ಬಿಟ್ಟಿರುವ ನಿನ್ನ ಮಗಳು ಹೇಗಿದ್ದಾಳೆಂದು ನೀನಂತೂ ಕೇಳುವುದಿಲ್ಲ, ಕೊನೆಗೆ ನಾನೇ ಹೇಳುತ್ತೇನೆ. ಮದುವೆ ಬೇಡ, ನರ್ಸಿಂಗ್ ಓದುತ್ತೇನೆ ಎಂದು ನಾನು ಇಲ್ಲಿಗೆ ಬಂದ ದಿನವೇ ನೀನು ನನ್ನ ನಂಬರ್ ಬ್ಲಾಕ್ ಮಾಡಿದೆ, ಆದ್ದರಿಂದ ಈ ಕಾಗದ. ಅಂಚೆಯವನನ್ನು ಬ್ಲಾಕ್ ಮಾಡಲು ಬರುವುದಿಲ್ಲವಲ್ಲ.

ಪಿಯುಸಿಗೆ ಸೈನ್ಸ್ ಕೇಳಿದಾಗ ನೀನು ಅಪ್ಪನಿಗೆ, "ಅಕಿ ತಲಿಗಿ ಹತ್ತಂಗಿಲ್ಲ, ಆರ್ಟ್ಸಿಗೆ ಹಾಕ್ರಿ" ಅಂದಿದ್ದೆ. ಈಗ ಆರ್ಟ್ಸಿನಿಂದ ಬಂದವರಿಗೆಂದೇ ಇಲ್ಲಿ ರೇಣುಕಾದೇವಿ ಮೇಡಂ ರಸಾಯನಶಾಸ್ತ್ರವನ್ನು ಮೊದಲಿನಿಂದ ಹೇಳಿಕೊಡುತ್ತಾರೆ. ತಲೆಗೆ ಹತ್ತುತ್ತಿದೆ ಅಣ್ಣ, ಬೇಕಾದ್ದಕ್ಕಿಂತ ಹೆಚ್ಚೇ ಹತ್ತುತ್ತಿದೆ. ಹೋದ ವಾರ ಎಲ್ಲರೂ ತಮ್ಮ ಊರಿನ ನೀರು ತರಬೇಕೆಂದರು. ನಮ್ಮ ಬೋರಿನದೊಂದು ಬಾಟಲಿ, ಅವ್ವ ಕುದಿಸಿ ಆರಿಸಿದ್ದೊಂದು ಬಾಟಲಿ ಹಿಡಿದುಕೊಂಡು ಯಲಬುರ್ಗಾ ಬಸ್ಸಿನಲ್ಲಿ ಬಂದೆ. ಮೇಡಂ ಕೆಂಪು ಔಷಧದ ಹನಿ ಬಿಟ್ಟರು. ಹಾಸ್ಟೆಲಿನ ನಲ್ಲಿಗೆ ಬರುವ ಹೊಳೆ ನೀರು ಕೆಂಪಗೇ ಉಳಿಯಿತು, ನಮ್ಮದು ಹಳದಿಗೆ ತಿರುಗಿತು. ಫ್ಲೋರೈಡ್ ಅಂತೆ, ಹಲ್ಲು ಮೂಳೆ ಎರಡನ್ನೂ ತಿನ್ನುತ್ತದಂತೆ. ಕುದಿಸಿದ ನೀರು ಅದಕ್ಕಿಂತಲೂ ಹೆಚ್ಚು ಹಳದಿ. ಕುದಿಸಿದರೆ ಕ್ರಿಮಿ ಸಾಯುವುದು ನಿಜ, ಆದರೆ ಫ್ಲೋರೈಡ್ ಎಲ್ಲಿಗೂ ಹೋಗುವುದಿಲ್ಲ. ಸಾರು ಹೆಚ್ಚು ಕುದ್ದರೆ ಉಪ್ಪಾಗುವುದಿಲ್ಲವೇ, ಹಾಗೆ. ಅವ್ವ ಅರ್ಧಕ್ಕೆ ಇಳಿಯುವ ತನಕ ಕಾಯಿಸಿ, "ಛಲೋತ್ನಂಗ ಕುದಿಸೀನಿ, ಕುಡಿ" ಎಂದು ಕೊಡುತ್ತಿದ್ದಳು. ಅಕ್ಕರೆಯಿಂದಲೇ ಕೊಟ್ಟಳು. ಅವಳ ಮೇಲೆ ಹೇಗೆ ಸಿಟ್ಟಾಗಲಿ?

ನಿನ್ನ ಮೇಲೆ ಸಿಟ್ಟಾಗಿದ್ದೇನೆ. ಕುಷ್ಟಗಿಯವರು ನನ್ನನ್ನು ನೋಡಲು ಬಂದಾಗ ಹುಡುಗನ ತಾಯಿ, "ಹಲ್ಲು ಯಾಕವಾ ಹಂಗ ಅದಾವು?" ಎಂದು ಕೇಳಿದಳು. ನೀನು ನಕ್ಕು, "ಸಣ್ಣಾಕಿದ್ದಾಗಿಂದ ಹಲ್ಲು ತಿಕ್ಕಾಕ ಭಾಳ ಬ್ಯಾಸರ ರೀ ಅಕಿಗೆ" ಅಂದೆ. ಬೂದಿ, ಉಪ್ಪು, ಪೇಸ್ಟು, ಒಸಡಿನಲ್ಲಿ ರಕ್ತ ಬರುವ ತನಕ ತಿಕ್ಕಿದವಳು ನಾನು. ಹುಡುಗನ ಹಲ್ಲೂ ನನ್ನವಂತೆಯೇ ಇದ್ದವು, ಆದರೆ ಗಂಡಿನ ಬಾಯಿ ಯಾರು ನೋಡುತ್ತಾರೆ? ನಾವಿಬ್ಬರೂ ಒಂದೇ ಅವ್ವನ ಮಕ್ಕಳು. ನಿನ್ನ ಹಲ್ಲು ಬೆಳ್ಳಗೆ, ನನ್ನವಕ್ಕೆ ತುಕ್ಕಿನ ಬಣ್ಣ. ಎರಡು ವರ್ಷದವನಿದ್ದಾಗಲೇ ಗುರುಬಸವ ಮಾವ ನಿನ್ನನ್ನು ಗಂಗಾವತಿಗೆ ಕರೆದೊಯ್ದ, ಗಂಡುಮಗ ಪೇಟೆಯಲ್ಲಿ ಬೆಳೆಯಲಿ ಎಂದು. ಎಷ್ಟೋ ವರ್ಷದ ಮೇಲೆ ಹುಟ್ಟಿದ ನನ್ನನ್ನು ಯಾರೂ ಕರೆದೊಯ್ಯಲಿಲ್ಲ. ನೀನು ಹೊಳೆ ನೀರು ಕುಡಿದೆ, ನಾನು ಬೋರಿನದು ಕುಡಿದೆ. ಇಷ್ಟೇ ವ್ಯತ್ಯಾಸ. ಅದು ಹೊಳೆದಾಗ, ಆವತ್ತು ಪಾಠ ಮುಗಿಯುವ ಮುಂಚೆಯೇ ಹೊರಗೆ ಹೋಗಿ ಅತ್ತುಬಿಟ್ಟೆ.

ಅಪ್ಪನ ಮೊಣಕಾಲು ಈಗ ಪೂರ್ತಿ ಮಡಚುವುದಿಲ್ಲ. ಅದಕ್ಕೂ ಇದೇ ನೀರು ಕಾರಣವಿರಬಹುದು, ದವಾಖಾನೆಗೆ ತೋರಿಸಿ ಎಂದರು ಮೇಡಂ. ಬಿಡುವಾದರೆ ಕರೆದುಕೊಂಡು ಹೋಗು. ವೈನಿಗೆ ನಮಸ್ಕಾರ, ಚಿಕ್ಕವನಿಗೆ ಅತ್ತೆಯ ಮುತ್ತು.

ನಿನ್ನ ತಂಗಿ, ಇನ್ನೂ ಹಾಗೆ ಅನ್ನಿಸಿದರೆ,
ನೇತ್ರಾವತಿ

ತಾ.ಕ.: ಟಪಾಲಿಗೆ ಹೊತ್ತಾಯಿತು, ಹೇಳಬೇಕಾದದ್ದೇ ಉಳಿದಿದೆ. ಮಗ ಹುಟ್ಟಿದ ಮೇಲೆ ಇಬ್ಬರನ್ನು ಸಂಭಾಳಿಸಲಾಗದೆಂದು ಐಶ್ವರ್ಯಳನ್ನು ಊರಲ್ಲಿ ಬಿಟ್ಟೆಯಲ್ಲ, ಅವ್ವ ಅವಳಿಗೂ ಛಲೋತ್ನಂಗ ಕುದಿಸಿ ಕೊಡುತ್ತಿದ್ದಾಳೆ. ಬೇಡವೆಂದರೆ, "ನಿನ್ನ ಬೆಳೆಸಿದಾಕಿ ನಾನು, ನನಗ ಕಲಿಸಾಕ ಬಂದಿ ಏನು?" ಎನ್ನುತ್ತಾಳೆ. ಮಗುವಿಗೆ ಈಗ ಮೂರು ವರ್ಷ. ಮುಂದೆ ಬರುವ ಹಲ್ಲು ಈಗಲೇ ಒಸಡಿನೊಳಗೆ ತಯಾರಾಗುತ್ತಿರುತ್ತವೆ. ಬಂದು ಕರೆದುಕೊಂಡು ಹೋಗು. ಭಾನುವಾರದೊಳಗೆ ಬರದಿದ್ದರೆ ನಾನೇ ಎತ್ತಿಕೊಂಡು ಬಂದು ನಿನ್ನ ಬಾಗಿಲಲ್ಲಿ ನಿಲ್ಲುತ್ತೇನೆ. ಅವಳ ಹಾಲುಹಲ್ಲು ಇನ್ನೂ ಬೆಳ್ಳಗಿವೆ. ಆದರೂ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ, ನನ್ನನ್ನು ನೋಡಿ ಕಲಿತದ್ದು.