ರಂಟೆ ಹೊಡೆದ ಸಮುದ್ರ

ಧಾರವಾಡ, ೧೨ ಜೂನ್ ೧೯೬೪

ಗೆಳೆಯಾ ಉಡಚಪ್ಪ,

ಇವತ್ತು ನನ್ನ ಚಿತ್ರಕಲಾ ತರಗತಿಯಲ್ಲಿ ಡಚ್ಚಪ್ಪನ ಪಟವನ್ನು ಮತ್ತೆ ತೂಗುಹಾಕಿದೆ. ಹೆಸರಿಗೆ ನಾಲಿಗೆ ಹೊರಳದೆ ನೀನು ಹಾಗೆ ಕರೆಯುತ್ತಿದ್ದ ಆ ಡಚ್ ಚಿತ್ರಕಾರನ ಹಡಗು, ಬಿರುಗಾಳಿ. ಐದು ವರ್ಷ ಅದನ್ನು ಪೆಟ್ಟಿಗೆಯಿಂದ ತೆಗೆದಿರಲಿಲ್ಲ.

ಬೆಂಗೇರಿಯ ಸಾವಕ್ಕ ಎಂಬ ಹುಡುಗಿ ಅದನ್ನು ನಕಲು ಮಾಡಿದಳು. ಅಲೆಗಳೆಲ್ಲ ನೀನು ಬರೆದಂತೆಯೇ: ಎರೆಹೊಲದಲ್ಲಿ ರಂಟೆ ಹೊಡೆದು ಉತ್ತ ಸಾಲುಗಳು.

ನಾವಿಬ್ಬರೂ ಇಲ್ಲೇ ಕಲಿಯುವಾಗ ನಿನ್ನ ಚಿತ್ರ ನೋಡಿ ಎಲ್ಲರೆದುರು ನಕ್ಕಿದ್ದೆ. "ಇದು ಸಮುದ್ರ ಅಲ್ಲೋ, ನಿಮ್ಮ ಶಿರಗುಪ್ಪಿ ಹೊಲ. ಡಚ್ಚಪ್ಪ ಬಿರುಗಾಳ್ಯಾಗ ದೋಣಿ ಹತ್ತಿ ಹೋಗಿ, ಅಲಿ ನೋಡಿ ಬರೀತಿದ್ದ" ಅಂದಿದ್ದೆ. ಆ ಮಳೆಗಾಲದಲ್ಲೇ ನೀನು ಕಾರವಾರಕ್ಕೆ ಹೋಗಿ ದೋಣಿ ಹತ್ತಿದೆ. ದಂಡೆಗೆ ಬಂದದ್ದು ನಿನ್ನ ಚಿತ್ರದ ವಹಿ ಮಾತ್ರ.

"ಸರ್, ಸಮುದ್ರ ಹಿಂಗ ಇರ್ತದೇನ್ರಿ?" ಎಂದಳು ಸಾವಕ್ಕ.

"ಥೇಟ್ ಹಿಂಗ ಇರ್ತದವಾ. ಏನೂ ತಿದ್ದಬ್ಯಾಡ."

ಅವಳಿಗೆ ಸಮಾಧಾನವಾಗಲಿಲ್ಲ. "ಅಂಕೋಲಾದಾಗ ನಮ್ಮ ಕಾಕಾ ಇದ್ದಾರ್ರಿ. ನಾಳೆ ಹೋಗಿ ನೋಡಿ ಬರ್ತೇನ್ರಿ."

ಹೊರಗೆ ಮೋಡ ಕಪ್ಪಗೆ ಇಳಿದಿತ್ತು. ಬಾಗಿಲಿಗೆ ಅಡ್ಡ ನಿಂತು, ಹೋಗಬೇಡ ಎಂದು ಅಂಗಲಾಚಿದೆ. ಹುಡುಗಿ ಹೆದರಿ ಹಿಂದೆ ಸರಿದಳು.

"ನೀವು ಸಮುದ್ರ ನೋಡೀರೇನ್ರಿ, ಸರ್?"

ಹೂಂ ಎಂದೆ. ನಂಬಿದಳೋ ಇಲ್ಲವೋ ತಿಳಿಯದು. ನಾಳೆ ಬೆಳಗಿನ ಬಸ್ಸು ಹತ್ತಿಬಿಟ್ಟರೆ ಎಂದು ನಿದ್ದೆಗೆಟ್ಟು ಇದನ್ನು ಬರೆಯುತ್ತಿದ್ದೇನೆ.

ನೀನು ಕೇಳಿದಾಗಲೂ ಹೂಂ ಎಂದೇ ಹೇಳಿದ್ದೆ, ಉಡಚಪ್ಪ. ನಾನು ಇವತ್ತಿನವರೆಗೂ ಸಮುದ್ರ ಕಂಡಿಲ್ಲ.