ಕೆಂಚಿ ನಡೆದ ಎಂಬತ್ತು ಕಿಲೋಮೀಟರ್

ಹಂಪಾಪುರ

ಅಕ್ಕನ ಮಗಳೇ, ನನ್ನ ಬೃಂದಾ,

ಹನಗೋಡಿನಲ್ಲಿ ನಿನ್ನ ಸವಾರಿ ನೋಡಿ ಬಂದು ವಾರವಾಯಿತು. ನಿನ್ನೆದುರು ಹೇಳಲು ಹೋದರೆ ಮಳೆ ಬೆಳೆಯ ಮಾತಾಡಿ ಎದ್ದುಬರುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಕುದುರೆ ಓಟವೆಂದರೆ ಮೊದಲು ಬಂದವನೇ ಗೆದ್ದ ಎಂದುಕೊಂಡಿದ್ದವನು ನಾನು. ನಿನ್ನದು ದೂರದ ಸವಾರಿ. ನಲವತ್ತು ಕಿಲೋಮೀಟರ್ ಮುಗಿಸದೆ ಅರವತ್ತಕ್ಕೆ ಬಿಡುವುದಿಲ್ಲ, ಅರವತ್ತು ಮುಗಿಸದೆ ಎಂಬತ್ತಿಲ್ಲ. ಗೆರೆ ದಾಟಿದ ಮೇಲೂ ಕುದುರೆಯ ಎದೆಬಡಿತ ಹೇಳಿದ ಹೊತ್ತಿನೊಳಗೆ ಇಳಿಯಬೇಕು, ಅದು ಕುಂಟದೆ ಓಡಬೇಕು. ಇಲ್ಲವಾದರೆ ಬಂದ ದೂರವೆಲ್ಲ ಲೆಕ್ಕಕ್ಕೇ ಇಲ್ಲ. ನಿನ್ನ ಕುದುರೆ ಕೆಂಚಿಯನ್ನು ಮರಿಯಿಂದ ಸಾಕಿ, ಪಳಗಿಸಿ, ನೀನು ಕಾದದ್ದು ಈ ಎಂಬತ್ತಕ್ಕೆ.

ನೀರಿನ ಕ್ಯಾನ್ ಹಿಡಿದು ನಾನು ದಾರಿಯಲ್ಲಿ ನಿಂತಿದ್ದೆ. ಕೊನೆಯ ಸುತ್ತಿನಲ್ಲಿ, ಹೊಗೆಸೊಪ್ಪಿನ ಹೊಲದ ಪಕ್ಕ, ನೀನು ಎರಡನೆಯವಳಾಗಿ ಬಂದೆ. ಬಂದವಳೇ ಇಳಿದುಬಿಟ್ಟೆ.

"ಯಾಕವ್ವಾ ಇಳುದ್ಬುಟ್ಟೆ? ಮುಂದಿರೋನು ಇಲ್ಲೇ ಅವ್ನೆ ಕಣವ್ವಾ!" ಎಂದು ಕೂಗಿದೆ.

"ಕೆಂಚಿ ಉಸ್ರು ಸರಿಗಿಲ್ಲ ಮಾವ. ಇಳುದು ನಡುಸ್ಬೋದು, ರೂಲ್ಸಲ್ಲೇ ಐತೆ. ಗೆರೆ ದಾಟೋವಾಗ ಮೇಲೆ ಕುಂತಿದ್ರೆ ಸಾಕು" ಎಂದೆ ನೀನು.

ಅದರ ಕತ್ತಿಗೆ ನೀರು ಸುರಿದು, ಲಗಾಮು ಹಿಡಿದು, ನೀನು ಉರಿಬಿಸಿಲಿನ ಏರಿನಲ್ಲಿ ಅದರ ಪಕ್ಕದಲ್ಲೇ ಹೆಜ್ಜೆ ಹಾಕಿದೆ. ಹಿಂದಿದ್ದವರೆಲ್ಲ ನಿನ್ನನ್ನು ದಾಟಿಹೋದರು. ನೀನು ಒಬ್ಬರ ಕಡೆಗೂ ತಿರುಗಲಿಲ್ಲ. ಕೆಂಚಿಯ ಮೂಗಿನ ಹೊಳ್ಳೆಯನ್ನೇ ನೋಡುತ್ತಿದ್ದೆ. ನಿನ್ನನ್ನು ಎತ್ತಿ ಆಡಿಸಿದವನು ನಾನು. ಆದರೂ ನಿನ್ನೊಳಗೆ ಇಷ್ಟು ದೊಡ್ಡವಳೊಬ್ಬಳಿದ್ದಾಳೆಂದು ಕಂಡದ್ದು ಅಂದೇ.

ಕ್ಯಾನ್ ಹಿಡಿದು ನಾನೂ ಹಿಂದೆಯೇ ಬಂದೆ. ಗೆರೆಯ ಹತ್ತಿರ ನೀನು ಏರಿ ಕೂತು ದಾಟಿದೆ, ಎಲ್ಲರಿಗಿಂತ ಕೊನೆಗೆ. ಅಷ್ಟರಲ್ಲಿ ಮೊದಲು ಬಂದವನ ಕುದುರೆ ಕುಂಟುತ್ತಿತ್ತು. ಅವನು ತಲೆ ತಗ್ಗಿಸಿ ಅದರ ಕಾಲು ಸವರುತ್ತಿದ್ದ. ಪಶುವೈದ್ಯ ಸೋಮಶೇಖರ್ ಕೆಂಚಿಯ ಎದೆಗೆ ಸ್ಟೆತಸ್ಕೋಪ್ ಇಟ್ಟಾಗ ನೀನು ಕಣ್ಣು ಮುಚ್ಚಿಕೊಂಡೆ. ಆಮೇಲೆ ಓಡಿಸಿ ನೋಡಿದರು. ನಾಲ್ಕು ಕಾಲೂ ನೆಟ್ಟಗಿದ್ದವು.

"ಪಾಸು ಕಣಮ್ಮ, ಎಂಬತ್ತೂ ನಿಂದೇ" ಎಂದರು. ಮತ್ತೆ ನನ್ನ ಮುಖ ನೋಡಿ, "ನೀವೂ ಕೇಳ್ತೀರಾ ಯಜಮಾನ್ರೇ?" ಎಂದು ಸ್ಟೆತಸ್ಕೋಪನ್ನು ನನ್ನ ಕಿವಿಗಿಟ್ಟರು.

ದನಕರುಗಳ ನಡುವೆಯೇ ಬೆಳೆದವನು ನಾನು, ಬೃಂದಾ. ಅಂಥ ಸದ್ದು ಕೇಳಿರಲಿಲ್ಲ. ಅಷ್ಟು ದೂರ ಬಂದ ಆ ದೊಡ್ಡ ಜೀವದೊಳಗೆ ಯಾರೋ ನಿಧಾನವಾಗಿ, ಒಂದೇ ಸಮನೆ, ಒನಕೆಯಲ್ಲಿ ಕುಟ್ಟುತ್ತಿದ್ದರು. ನನ್ನೆದೆಯೇ ಅದಕ್ಕಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ನನಗೇ ಗೊತ್ತಿಲ್ಲದೆ ಚಪ್ಪಲಿ ಕಳಚಿ ನಿಂತಿದ್ದೆನಂತೆ. ನಿಮ್ಮವ್ವ ಇನ್ನೂ ಅದನ್ನೇ ಹೇಳಿಕೊಂಡು ನಗುತ್ತಾಳೆ.

ಇನ್ನು ನೂರಕ್ಕೆ ಹೋಗು, ಮಗಳೇ. ನಿನ್ನ ಕಾಲಿಗೂ ಕೆಂಚಿಯ ಕಾಲಿಗೂ ಒಂದು ಮುಳ್ಳೂ ತಾಕದಿರಲಿ.

ನಿನ್ನ ಮಾವ,
ಕನಕರಾಜು