ಟ್ಯಾಂಕರಿನಲ್ಲಿ ಬಂದ ಸೈಕಲ್

ಮಾರ್ಚ್ 4

ಇವತ್ತೂ ಎರಡನೇ ತಿರುವಿನಲ್ಲೇ ಸೈಕಲ್‌ನಿಂದ ಇಳಿದೆ. ತಳ್ಳಿಕೊಂಡು ಬೆಟ್ಟದ ಮೇಲಿನ ಲ್ಯಾಬಿಗೆ ಹೊರಟೆ. ಈ ಎತ್ತರದಲ್ಲಿ ಉಸಿರು ಎದೆಗೆ ಇಳಿಯುವುದೇ ಇಲ್ಲ, ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಊರಿನ ಬಯಲಲ್ಲಿ ದಿನಕ್ಕೆ ಅರವತ್ತು ಕಿಲೋಮೀಟರ್ ತುಳಿದವಳು ನಾನು! ಹಾಲಿನ ಕ್ಯಾನ್ ಹೊತ್ತ ಅಜ್ಜಿಯೊಬ್ಬರು ನನ್ನನ್ನು ದಾಟಿ ನಡೆದರು. ತಿರುಗಿಯೂ ನೋಡಲಿಲ್ಲ. ಪುಣ್ಯ.

ಮಾರ್ಚ್ 6

ನೀರಿನ ಟ್ಯಾಂಕರ್ ಡ್ರೈವರ್ ಗಾಡಿ ನಿಲ್ಲಿಸಿದ. "ಹತ್ಕೊಳ್ಳಿ ಮೇಡಂ, ಸೈಕಲ್ ಹಿಂದೆ ಕಟ್ಟೋಣ. ಹಿಂಗೆ ತಳ್ತಾ ಇದ್ರೆ ಲ್ಯಾಬ್ ಮುಟ್ಟೋ ಹೊತ್ತಿಗೆ ಸಂಜೆ ಆಗುತ್ತೆ."

ಹತ್ತಿದೆ. ಕೊನೆಯ ತಿರುವಿಗಿಂತ ಮೊದಲೇ ಇಳಿಸಲು ಹೇಳಿದೆ. ಡ್ರೈವರ್ ಸೈಕಲ್ ಬಿಚ್ಚಿಕೊಟ್ಟ. ಬಾಟಲಿಯ ನೀರು ಮುಖಕ್ಕೆ ಚಿಮುಕಿಸಿಕೊಂಡೆ — ಬೆವರಿನಂತೆ ಕಾಣಲಿ ಎಂದು. ಗೇಟಿನೊಳಗೆ ತುಳಿದುಕೊಂಡೇ ಬಂದೆ.

ಲ್ಯಾಬಿನವರೆಲ್ಲ ಕಿಟಕಿಗೆ ಬಂದರು. ಸ್ಟೋರ್ ನೋಡಿಕೊಳ್ಳುವ ಅಣ್ಣ ಚಪ್ಪಾಳೆ ತಟ್ಟಿದರು. ಅವರೂ ನನ್ನಂತೆ ಬಯಲಿನವರೇ, ಇಲ್ಲಿಗೆ ಬಂದು ಮೂವತ್ತು ವರ್ಷ.

"ಎಷ್ಟು ಹೊತ್ತು ಹಿಡೀತು ತಂಗಿ?"

"ಇಪ್ಪತ್ತೈದು ನಿಮಿಷ."

ನಾಲಗೆ ತಡವರಿಸಲೂ ಇಲ್ಲ.

ಮಾರ್ಚ್ 19

ದಿನಾ ಅದೇ ಟ್ಯಾಂಕರ್, ಅದೇ ನಾಟಕ. ಈಗ ಇಪ್ಪತ್ತೆರಡು ನಿಮಿಷಕ್ಕೆ ಇಳಿಸಿದ್ದೇನೆ. ಅಣ್ಣ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾರೆ — "ಬಯಲಿನವರಿಗೆ ದಮ್ ಇಲ್ಲ ಅಂತಿದ್ರಲ್ಲ, ನೋಡ್ರಪ್ಪಾ!" ಇವತ್ತು ನನ್ನ ಟೇಬಲ್ ಹತ್ತಿರ ಬಂದು ಸೀಟು ಎಷ್ಟು ಎತ್ತರ ಇರಬೇಕು, ಏರಿನಲ್ಲಿ ಯಾವ ಗೇರ್ ಎಂದೆಲ್ಲ ಕೇಳಿದರು. ಹೇಳಿದೆ. ಯಾರಿಗೆ ಎಂದು ಕೇಳಲಿಲ್ಲ. ಕೇಳಬಹುದಿತ್ತು.

ಮಾರ್ಚ್ 24, ಮಧ್ಯಾಹ್ನ

ಅಣ್ಣ ಬೆಳಗ್ಗೆ ಏರಿನಲ್ಲಿ ಕುಸಿದುಬಿದ್ದರಂತೆ. ಹಳೇ ಸೈಕಲ್ ರಿಪೇರಿ ಮಾಡಿಸಿಕೊಂಡು ಹೊರಟಿದ್ದರಂತೆ. ಹಾರ್ಟು. ಐವತ್ತಾರು ವರ್ಷ.

ಆಸ್ಪತ್ರೆಗೆ ಒಯ್ದದ್ದು ಅದೇ ಟ್ಯಾಂಕರ್. ಡ್ರೈವರ್ ಗೇಟಿನಲ್ಲಿ ಸಿಕ್ಕ. ಕಣ್ಣು ತಪ್ಪಿಸಿದವಳು ನಾನು.

ಮಾರ್ಚ್ 25

ಆಸ್ಪತ್ರೆಯ ಮೆಟ್ಟಿಲವರೆಗೆ ಹೋಗಿ ವಾಪಸ್ ಬಂದೆ.

ಮಾರ್ಚ್ 28, ಸಂಜೆ

ಅಪಾಯ ಕಳೆಯಿತಂತೆ. ವಾರ್ಡಿಗೆ ಹಾಕಿದ್ದಾರೆ. ಅಣ್ಣನ ಹೆಂಡತಿ — ಅತ್ತಿಗೆ ಎನ್ನುತ್ತೇನೆ — ಸೆರಗಿನಿಂದ ಕುರ್ಚಿ ಒರೆಸಿ ಕೊಟ್ಟರು. "ಕೂತ್ಕೊಳಮ್ಮ. ಆ ಹುಡುಗಿ ಹತ್ತೋದಾದ್ರೆ ನಾನ್ಯಾಕೆ ಹತ್ತಬಾರ್ದು ಅಂತ ಹಟ ಹಿಡಿದ್ರು. ನಿನ್ನ ತಪ್ಪೇನಿದೆ ಬಿಡು, ಇವರದೇ ಹುಚ್ಚು."

ನೆಲ ಬಾಯಿಬಿಡಬಾರದೇ ಅನಿಸಿತು.

ಅವರು ಔಷಧಿ ತರಲು ಹೋದಾಗ ಅಣ್ಣನಿಗೆ ಹೇಳಿಬಿಟ್ಟೆ. ಟ್ಯಾಂಕರ್, ಮುಖಕ್ಕೆ ಹಾಕಿಕೊಂಡ ನೀರು, ಎಲ್ಲ. ಅಣ್ಣ ಛಾವಣಿ ನೋಡುತ್ತಲೇ ಕೇಳಿದರು.

"ಹಾಗಾದ್ರೆ ನೀನು ಎಲ್ಲೀವರೆಗೆ ಹತ್ತಿದ್ದೆ?"

"ಎರಡನೇ ತಿರುವು."

"ನಾನು ನಾಲ್ಕನೇದು." ಮುಖದಲ್ಲಿ ಒಂದು ಕ್ಷಣ ಹೆಮ್ಮೆ ಬಂತು. ಆಮೇಲೆ ಅದೂ ಹೋಯಿತು. "ಯಾಕೆ ತಂಗಿ? ತಳ್ಕೊಂಡು ಬಂದಿದ್ರೂ ಚಪ್ಪಾಳೆ ತಟ್ತಿದ್ದೆ ನಾನು."

ಅಣ್ಣ ಗೋಡೆಯ ಕಡೆ ಹೊರಳಿದರು. "ಅವಳಿಗೂ ನೀನೇ ಹೇಳು. ನನ್ನ ಕೈಲಾಗಲ್ಲ."

ಹೇಳದೆ ಎದ್ದುಬಂದೆ.

ಮಾರ್ಚ್ 29

ಬೆಳಗ್ಗೆ ಟ್ಯಾಂಕರ್ ನಿಂತಿತು. ಬೇಡವೆಂದೆ. ತಳ್ಳಿಕೊಂಡೇ ಹೋದೆ, ಗೇಟಿನೊಳಗೂ. ಒಂದು ಗಂಟೆ ಹತ್ತು ನಿಮಿಷ. ಕಿಟಕಿಯಲ್ಲಿ ಎಲ್ಲರೂ ಇದ್ದರು. ಯಾರೂ ಕೇಳಲಿಲ್ಲ, ಟ್ಯಾಂಕರಿನ ವಿಷಯ ನಾನೇ ಹೇಳಿದೆ.

ಸಂಜೆ ಅತ್ತಿಗೆಗೂ ಹೇಳಿದೆ. ವಾರ್ಡಿನ ಬಾಗಿಲಲ್ಲಿ, ನಿಂತುಕೊಂಡೇ. ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಪೂರ್ತಿ ಕೇಳಿದರು. ಬೈಯಲಿಲ್ಲ. ಅಳಲಿಲ್ಲ.

"ಈಗ ಹೋಗಮ್ಮ," ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಒಂದು 'ಅಮ್ಮ' —